ಬಲಗಾಲಿನ ಕಾಲುಚೀಲ

ಚರ್ಚಿನ ಪೀಠದ ಮುಂದೆ ಸಾಲಾಗಿ ಹಾಕಿದ್ದ ಕುರ್ಚಿಗಳಲ್ಲಿ ಹನ್ನೊಂದು ಜನ ಬಲಗಾಲು ಚಾಚಿ ಕೂತಿದ್ದರು. ಕೊನೆಯ ಕುರ್ಚಿಯಲ್ಲಿದ್ದ ಶಾಲೆಯ ಹೆಡ್‌ಮಿಸ್ ಮಾತ್ರ ಎಡಗಾಲು ಚಾಚಿದ್ದರು. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ವರ್ಷಕ್ಕೊಮ್ಮೆ ಫಾದರ್ ಹನ್ನೆರಡು ಜನರ ಕಾಲು ತೊಳೆಯುವ ಸಂಜೆ ಅದು. ತೊಳೆಯುವುದು ಅಂತ ಹೆಸರಷ್ಟೇ. ಎಲ್ಲರೂ ಮನೆಯಲ್ಲೇ ಸೋಪು ಹಚ್ಚಿ ಉಜ್ಜಿ, ಉಗುರು ಕತ್ತರಿಸಿಕೊಂಡು, ಕೆಲವರಂತೂ ಪೌಡರು ಬಳಿದುಕೊಂಡೇ ಬಂದಿರುತ್ತಾರೆ. ಚರ್ಚಿಗೆ ಬರುವವರಿಗೆಲ್ಲ ಗೊತ್ತಿರುವ ಗುಟ್ಟು ಇದು.

ಹೆಡ್‌ಮಿಸ್ ಮಾತ್ರ ತಮ್ಮ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಕುರ್ಚಿಯಡಿಗೆ ಎಳೆದುಕೊಂಡಿದ್ದ ಬಲಗಾಲಿನ ಬಿಳಿ ಕಾಲುಚೀಲದೊಳಗೆ, ಹೆಬ್ಬೆರಳ ಬುಡದಲ್ಲಿ, ಸಕ್ಕರೆ ಕಾಯಿಲೆಯ ಹುಣ್ಣೊಂದು ಕೀವು ತುಂಬಿಕೊಂಡು ಕೂತಿತ್ತು. ಅವರ ಅಕ್ಕನಿಗೂ ಹೀಗೇ ಶುರುವಾಗಿತ್ತು. ಡಾಕ್ಟರು ಮೊದಲು ಬೆರಳು ತೆಗೆದರು, ಆಮೇಲೆ ಪಾದ ತೆಗೆದರು, ಆಮೇಲೆ ಅಕ್ಕನೇ ಉಳಿಯಲಿಲ್ಲ. ಅಂದಿನಿಂದ ಆಸ್ಪತ್ರೆಯ ಹೆಸರೆತ್ತಿದರೆ ಹೆಡ್‌ಮಿಸ್ ಅಲ್ಲಿಂದ ಎದ್ದು ಹೋಗುತ್ತಿದ್ದರು. ಬಚ್ಚಲಿನ ಚಿಲಕ ಹಾಕಿಕೊಂಡು ಹುಣ್ಣಿಗೆ ಚರ್ಚಿನಿಂದ ತಂದ ಪವಿತ್ರ ಜಲ ಸವರುತ್ತಿದ್ದರು. 'ದೇವರ ಮೇಲೆ ಭಾರ ಹಾಕಿದ್ದೇನೆ' ಎಂದುಕೊಂಡು ಮತ್ತೆ ಕಾಲುಚೀಲ ಏರಿಸುತ್ತಿದ್ದರು.

ಫಾದರ್ ಹೂಜಿ ಹಿಡಿದು ಅವರ ಮುಂದೆ ಮಂಡಿಯೂರಿದರು. "ಮಿಸ್, ಬಲಗಾಲು," ಎಂದರು ಮೆಲ್ಲಗೆ.

"ಇದೇ ಸಾಕು ಫಾದರ್."

"ಆ ಕಾಲಿಗೆ ಏನಾದ್ರೂ ಆಗಿದೆಯಾ?"

"ಏನಿಲ್ಲ. ಸ್ವಲ್ಪ ಶೀತ, ಅಷ್ಟೇ."

ಫಾದರ್ ಎಡಗಾಲಿಗೇ ನೀರು ಸುರಿದರು. ಹೆಡ್‌ಮಿಸ್ ಆಡಿದ್ದು ಸುಳ್ಳು. ಆಡಿದ್ದು ಪೀಠದೆದುರು, ತಮ್ಮ ಕಾಲ ಬಳಿ ಮಂಡಿಯೂರಿದ್ದ ಮನುಷ್ಯನಿಗೆ. ಮುಖ ಎತ್ತುವುದಕ್ಕೇ ನಾಚಿಕೆಯಾಯಿತು. ಇಷ್ಟು ದಿನ ತಾವು ವಿಶ್ವಾಸ ಅಂತ ಹೇಳಿಕೊಂಡು ತಿರುಗಿದ್ದು ಬರೀ ಹೆದರಿಕೆ ಎಂದು ಅವರಿಗೆ ಆಗ ಸ್ಪಷ್ಟವಾಯಿತು. ದೇವರ ಮೇಲೆ ಭಾರ ಹಾಕುವುದಿರಲಿ, ಹುಣ್ಣನ್ನು ಅವನಿಂದಲೂ ಬಚ್ಚಿಟ್ಟಿದ್ದರು. 'ಸ್ವಾಮಿ, ನನಗೆ ಧೈರ್ಯ ಅಂತ ಒಂದು ಚೂರೂ ಇಲ್ಲ. ಇರೋದೆಲ್ಲ ಜಂಬ. ನೀನೇ ಕೈ ಹಿಡಿ,' ಎಂದರು ಮನಸ್ಸಿನಲ್ಲೇ.

ಫಾದರ್ ಏಳುವಷ್ಟರಲ್ಲಿ ಹೆಡ್‌ಮಿಸ್ ಅವರ ತೋಳು ಹಿಡಿದರು. "ಸುಳ್ಳು ಹೇಳಿದೆ ಫಾದರ್," ಎಂದು ಬಗ್ಗಿ ಕಾಲುಚೀಲ ಎಳೆದರು. ಅಂಟಿಕೊಂಡಿದ್ದ ಬಟ್ಟೆ ಕಿತ್ತು ಬಂತು. ಪಕ್ಕದ ಕುರ್ಚಿಯ ದರ್ಜಿ ಕರವಸ್ತ್ರ ಮೂಗಿಗೊತ್ತಿಕೊಂಡ. ಮುಂದಿನ ಬೆಂಚುಗಳ ಶಾಲೆ ಮಕ್ಕಳು ಕತ್ತು ಚಾಚಿ ನೋಡಿದರು. ಕೊಳಕು ಕಾಲುಚೀಲ ಹಾಕಿಕೊಂಡು ಬಂದರೆ ಎಲ್ಲರೆದುರು ಗೋಡೆ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದ ಹೆಡ್‌ಮಿಸ್, ಈಗ ಅವರೆಲ್ಲರ ಎದುರು ಹುಣ್ಣುಗಾಲು ಚಾಚಿ ಕೂತಿದ್ದರು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆದರೂ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಫಾದರ್ ಹುಣ್ಣಿನ ಸುತ್ತ ಮೆಲ್ಲಗೆ ನೀರು ಬಿಟ್ಟು ಒರೆಸಿದರು. "ಇದನ್ನು ಡಾಕ್ಟರಿಗೂ ತೋರಿಸಬೇಕು ಮಿಸ್," ಎಂದಷ್ಟೇ ಹೇಳಿದರು.

ಪೂಜೆ ಮುಗಿದು ಜನ ಕರಗಿದ ಮೇಲೂ ಹೆಡ್‌ಮಿಸ್ ಬರಿಗಾಲಲ್ಲೇ ಕೂತಿದ್ದರು. ಸೊಸೆ ಹತ್ತಿರ ಬಂದು ನಿಂತಳು. ಮನೆಯಲ್ಲಿ ಅವಳು ಉಪ್ಪು ಹೆಚ್ಚು ಹಾಕಿದರೂ ಅತ್ತೆಯಿಂದ ಒಂದು ಪಾಠ, ಕಡಿಮೆ ಹಾಕಿದರೂ ಒಂದು ಪಾಠ.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕು. ಒಬ್ಬಳೇ ಹೋಗೋಕೆ ನನಗೆ ಹೆದರಿಕೆ ಆಗುತ್ತೆ," ಎಂದರು ಹೆಡ್‌ಮಿಸ್. "ದೇವರಿದ್ದಾನೆ, ಹೋಗ್ತೀನಿ. ನೀನೂ ಜೊತೆಗೆ ಬರ್ತೀಯಾ?"

"ಬರ್ತೀನಿ ಅತ್ತೆ." ಸೊಸೆ ಅವರ ಮುಂದೆ ಕೂತು ಕಾಲನ್ನು ತೊಡೆಯ ಮೇಲೆತ್ತಿಕೊಂಡಳು. ಕೈಚೀಲದ ತಳದಿಂದ ಹತ್ತಿ, ಮುಲಾಮು, ಬ್ಯಾಂಡೇಜು ತೆಗೆದಳು. ಪೊಟ್ಟಣದ ಅಂಚೆಲ್ಲ ಮುದುರಿ ಮಾಸಿಹೋಗಿತ್ತು.

"ಇದನ್ನೆಲ್ಲ ಯಾವಾಗ ತಂದೆ?"

"ಬಚ್ಚಲಲ್ಲಿ ರಕ್ತ ಕಂಡ ದಿನಾನೇ ತಂದೆ," ಎಂದಳು ಸೊಸೆ, ತಲೆಯೆತ್ತದೆ. "ನಿಮ್ಮನ್ನ ಕೇಳೋಕೆ ಹೆದರಿಕೆ ಆಯ್ತು ಅತ್ತೆ."