ಹುಲಿಪಟ್ಟೆ ಅಂಗಿಯ ಸೈನಿಕರು

ದೇವರಾಜ್ ಪುಟ್ಟೇನಹಳ್ಳಿ ಕೆರೆಯ ಕಡೆ ವಾಕಿಂಗ್ ಹೊರಟಿದ್ದೇ ತಡ, ಹೇಮಶ್ರೀ ಬಾಗಿಲಿಗೆ ಚಿಲಕ ಹಾಕಿ ಗಂಡನ ಸೈನಿಕರನ್ನು ತಿದ್ದಲು ಕುಳಿತಳು. ಸದ್ಯ, ಈಚೆಗೆ ಅವನು ಬೇಗ ವಾಪಸ್ ಬರುತ್ತಿರಲಿಲ್ಲ.

ಹೆಬ್ಬೆರಳ ಗಾತ್ರದ ಲೋಹದ ಸೈನಿಕರು. ಮೇಜಿನ ಮೇಲೆ ಹಳೇ ಯುದ್ಧಗಳನ್ನು ಆಡುವ ಹುಚ್ಚಿರುವವರು ಎಲ್ಲೆಲ್ಲಿಂದಲೋ ಕಳಿಸುತ್ತಾರೆ. ಬಣ್ಣ ಹಚ್ಚಿಕೊಡುವುದೇ ಈ ಮನೆಯ ಅನ್ನ. ಈ ಸಲದವರು ಹುಲಿಪಟ್ಟೆ ಅಂಗಿಯ ಮೈಸೂರು ಕಾಲಾಳುಗಳು.

ಅವನ ಕಣ್ಣು ಹೋಗುತ್ತಿತ್ತು. ಬೇಸಿಗೆಯಲ್ಲಿ ಮೊದಲು ಚಪ್ಪಲಿಯ ಬಣ್ಣ ಅಂಚು ಮೀರಿತು. ಆಮೇಲೆ ಸೊಂಟಪಟ್ಟಿ, ಆಮೇಲೆ ಅಂಗಿಯ ಪಟ್ಟೆ. ಗಿರಾಕಿಗಳಿಗೆ ಗೊತ್ತಾದರೆ ಮುಗಿಯಿತು ಕಥೆ. ಕೆಲಸ ಕೆಡುತ್ತಿದೆ ಎಂದು ಅವನಿಗೇ ಗೊತ್ತಾದರೆ? ಆ ಸ್ವಾಭಿಮಾನಿ ಪ್ರಾಣಿ ಅಂದೇ ಬ್ರಷ್ ಎಸೆದು ಮೂಲೆ ಸೇರುತ್ತದೆ. ಹಾಗಾಗಿ ಹೇಮಶ್ರೀ ತನ್ನ ಮನೆಯಲ್ಲೇ ಕಳ್ಳಿಯಾದಳು.

ಹಿಂದೊಮ್ಮೆ ಅವನು ಕಲಿಸುತ್ತೇನೆ ಬಾ ಎಂದಾಗ, "ನಿಮ್ಮ ಗೊಂಬೆ ಆಟ ನನಗ್ಯಾಕ್ರೀ?" ಎಂದು ನಕ್ಕಿದ್ದವಳು ಇವಳೇ. ಈಗ ಅಡುಗೆಮನೆಯಿಂದಲೇ ಕಿವಿಗೊಡುತ್ತಾಳೆ. ಪುಣ್ಯಕ್ಕೆ ಅವನಿಗೆ ಬಣ್ಣ ಹಚ್ಚುತ್ತಾ ತನ್ನಷ್ಟಕ್ಕೆ ಮಾತಾಡುವ ಹೊಸ ಚಾಳಿ.

"ಮೊದಲು ಕಪ್ಪು. ಬಣ್ಣ ಹಾಲಿನಷ್ಟು ತೆಳ್ಳಗಿರ್ಬೇಕು. ತಿಳಿ ಬಣ್ಣ ಕೊನೇಲಿ."

ಸಂಜೆ ಅವನು ಒಬ್ಬ ಸೈನಿಕನನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿದ. "ಪರ್ವಾಗಿಲ್ಲ ಕಣೇ, ಕೈ ಪಳಗ್ತಾ ಇದೆ."

ಹೇಮಶ್ರೀಗೆ ಅಯ್ಯೋ ಎನ್ನಿಸಿತು. ಪಾಪ, ತನ್ನ ಕೈಯೇ ಎಂದುಕೊಂಡಿದ್ದಾನೆ! ಕಣ್ಣಿನ ಚಿಂತೆಗೋ ಏನೋ ಊಟ ಬಿಟ್ಟು ಸೊರಗಿಯೂ ಹೋಗಿದ್ದ. ಬಡಿಸಿದ್ದರಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

ಈ ವಾರ ಮುಖಗಳೇ ಕೆಟ್ಟವು. ಸಾಸಿವೆಗಿಂತ ಚಿಕ್ಕ ಕಣ್ಣು, ಅದರೊಳಗೊಂದು ಚುಕ್ಕೆ. ಹೇಮಶ್ರೀ ಬರೆದಳು, ಒರೆಸಿದಳು, ಮತ್ತೆ ಬರೆದಳು. ಒಬ್ಬನಿಗೆ ಮೆಳ್ಳೆಗಣ್ಣು, ಇನ್ನೊಬ್ಬನಿಗೆ ಹೆಣದ ಕಣ್ಣು. ಇದು ತನ್ನಿಂದಾಗದು ಎನ್ನಿಸಿ ಅಳು ಬಂತು. ಇನ್ನೆಷ್ಟು ದಿನ ಮುಚ್ಚಿಡಲು ಸಾಧ್ಯ?

ಚೆಕಪ್ ಎಂದು, ಕಣ್ಣಿನದೇ ಇರಬೇಕು, ಅವನು ಹೋಗಿಬರುತ್ತಿದ್ದ ಜಯನಗರದ ನರ್ಸಿಂಗ್ ಹೋಮಿಗೆ ಅವನಿಗೆ ಹೇಳದೆ ಹೋದಳು. ಅವನ ಡಾಕ್ಟರನ್ನು ವಿಚಾರಿಸಿ ಒಳಗೆ ನುಗ್ಗಿದಳು.

"ಡಾಕ್ಟ್ರೇ, ನಮ್ಮೆಜಮಾನ್ರು ದೇವರಾಜ್ ಅಂತ. ಅವರ ಕಣ್ಣು ಉಳಿಯುತ್ತಾ? ನಿಜ ಹೇಳ್ಬಿಡಿ."

"ಕಣ್ಣಿಗೇನಮ್ಮಾ? ಚೆನ್ನಾಗೇ ಇದೆಯಲ್ಲ," ಎಂದರು ಡಾಕ್ಟರು. ಅವಳ ಮುಖ ನೋಡಿ ದನಿ ತಗ್ಗಿಸಿದರು.

"ಲಿವರ್ ಕ್ಯಾನ್ಸರ್ ವಿಷಯ ನಿಮಗೆ ಹೇಳೇ ಇಲ್ವಾ? ಮೊನ್ನೆ ತಾನೇ ಕೇಳಿದ್ರು, 'ಹೆಂಡ್ತಿ ಕೆಲಸ ಕಲೀತಿದ್ದಾಳೆ, ಕಣ್ಣು ಬರೆಯೋದೊಂದು ಬಾಕಿ, ಅಲ್ಲೀವರೆಗೂ ಇರ್ತೀನಾ ಡಾಕ್ಟ್ರೇ' ಅಂತ."