ದೇವರಿಗೆ ಹೇಳಿದ ತೂಕ

ಒಂದು ನಿಮಿಷ ನಿಲ್ಲಿ, ಇದನ್ನು ಪೂರ್ತಿ ಕೇಳಿಕೊಂಡೇ ಹೋಗಿ! ಎರಡು ಸಾವಿರದ ಏಳರ ಶ್ರಾವಣ ಸೋಮವಾರ. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಪಾಲಾಕ್ಷಪ್ಪ ಈಶ್ವರನ ಗುಡಿ ಮುಂದೆ ತುಲಾಭಾರಕ್ಕೆ ಕೂತಿದ್ದ. ತಕ್ಕಡಿ ಅವನ ಮಂಡಿಯದೇ, ಮೂಟೆ ತೂಗುವುದು. ಒಂದು ತಟ್ಟೆಯಲ್ಲಿ ಅವನು, ಇನ್ನೊಂದರಲ್ಲಿ ಬೆಲ್ಲ. ಎಷ್ಟು ಬೆಲ್ಲ ಸುರಿದರೂ ಅವನ ತಟ್ಟೆ ನೆಲ ಬಿಟ್ಟು ಏಳುವ ಯೋಚನೆಯನ್ನೇ ಮಾಡಲಿಲ್ಲ. "ಇನ್ನೊಂದ್ ಮೂಟೆ ತರ್ರಲಾ!" ಎಂದು ಕೂಗುವಾಗ ಹೊಟ್ಟೆ ಮೊದಲು ಕುಲುಕುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು.

ಪಕ್ಕದಲ್ಲಿ ನಿಂತ ಹೆಂಡತಿ ನೀಲಾಂಬಿಕೆಗೆ ಮೈಯೆಲ್ಲ ಉರಿ. ಈ ಮನುಷ್ಯ ಒಂದಕ್ಕೆಂದು ಬಚ್ಚಲಿಗೆ ಹೋದರೆ ಮುಲುಕುತ್ತಾ ಅಲ್ಲೇ ನಿಂತುಬಿಡುತ್ತಿದ್ದ. ಹಾಸನದ ಡಾಕ್ಟರು ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಗೆಂದು ರಕ್ತ ಪರೀಕ್ಷೆ ಮಾಡಿಸಿದರು, ಅಂಕಿ ಮಿತಿಯೊಳಗೇ ಬಂತು. ಆದರೂ ಡಾಕ್ಟರು ನಗಲಿಲ್ಲ. "ದಪ್ಪ ಇರೋರ ಮೈಯಲ್ಲಿ ರಕ್ತ ಜಾಸ್ತಿ. ಈ ಅಂಕಿ ನೀರು ಬೆರೆಸಿದ ಮಜ್ಜಿಗೆ ಥರ ತೆಳ್ಳಗಾಗಿಬಿಡುತ್ತೆ, ನಂಬೋಕಾಗಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಏನಾದ್ರೂ ಇದ್ರೆ ಇಂಥ ಮೈಯಲ್ಲಿ ಅದರ ಆಟ ಇನ್ನೂ ಜೋರು. ತೂಕ ಇಳಿಸಿ. ಈಗ ಮಲಗಿ, ಹಿಂದುಗಡೆಯಿಂದ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡ್ತೀನಿ."

ಮಲಗುವುದಿರಲಿ, ಪಾಲಾಕ್ಷಪ್ಪ ಪಂಚೆ ಬಿಗಿದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ್ದ. ಆ ಮೈಯಲ್ಲಿ ಓಟವೂ ಇದೆಯೆಂದು ಅವಳಿಗೆ ಗೊತ್ತಾದದ್ದೇ ಅವತ್ತು.

ರಿಪೋರ್ಟ್ ಚೆನ್ನಾಗಿ ಬಂದರೆ ತನ್ನ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಅವನು ಹರಕೆ ಹೊತ್ತಿದ್ದನಂತೆ. ಅವಳು ಒಂದು ಒಬ್ಬಟ್ಟು ಕಡಿಮೆ ಬಡಿಸಿದರೂ ಸಿಡಿಯುತ್ತಿದ್ದ: "ಲೇ, ಹರಕೆ ಹೊತ್ತಾಗ ಇದ್ದ ತೂಕನೇ ದೇವ್ರಿಗೆ ಸಲ್ಬೇಕು. ಇಳ್ಸ್ಕಂಡು ಕೂತ್ರೆ ಶಿವನಿಗೇ ತೂಕದಾಗೆ ಮೋಸ ಮಾಡ್ದಂಗೆ ಕಣೇ! ಉಯ್ಯಿ ತುಪ್ಪ." ಮಂಡಿಯಲ್ಲಿ ರೈತರಿಗೆ ತೂಕದಲ್ಲಿ ಮಾಡುತ್ತಿದ್ದ ಮೋಸ ಬೇರೆ ಬಾಬತ್ತು.

ಅಂತೂ ತಟ್ಟೆ ಅಲುಗಿತು. ಇನ್ನೊಂದೇ ಅಚ್ಚು ಬೆಲ್ಲ ಸಾಕು. ಪೂಜಾರಿ ದೇವಯ್ಯ ಅದನ್ನು ನೀಲಾಂಬಿಕೆಯ ಕೈಗೆ ಕೊಟ್ಟರು. "ಕೊನೇದು ಮನೆಯಾಕೆ ಇಡ್ಬೇಕು ಕಣವ್ವಾ. ತೂಕ ಸಮ ಆಗಗಂಟ ಯಜಮಾನ್ರು ಇಳಿಯಂಗಿಲ್ಲ, ಇಳುದ್ರೆ ಹರಕೆ ಕೆಟ್ಟೋಯ್ತದೆ."

ನೀಲಾಂಬಿಕೆಯ ಕೈ ಅರ್ಧದಲ್ಲೇ ನಿಂತಿತು.

"ಇಡೇ!"

"ಇಡ್ತೀನಿ. ಈಗ್ಲೇ ಹಾಸನದ ಬಸ್ ಹತ್ತಿ ಡಾಕ್ಟ್ರ ಹತ್ರ ಬತ್ತೀನಿ ಅನ್ನಿ."

"ತಲೆಗಿಲೆ ಕೆಟ್ಟದಾ ನಿಂಗೆ? ರಿಪೋರ್ಟ್ ನಾರ್ಮಲ್ ಬಂದದೆ!"

"ಅದು ನೀರ್ಮಜ್ಜಿಗೆ ಅಂತ ಅವ್ರೇ ಹೇಳ್ಲಿಲ್ವಾ? ಬೆರಳು..."

"ಶ್! ಮೆಲ್ಲುಗೆ!"

"ಯಾಕ್ರೀ ಮೆಲ್ಲುಗೆ? ಎಲ್ಲಿ ಮುಟ್ಟಿ ನೋಡ್ತೀನಿ ಅಂದ್ರು ಅಂತ ಇವ್ರಿಗೆಲ್ಲ ಹೇಳ್ಬುಡ್ಲಾ?"

"ಎಲ್ಲವ್ವಾ? ಹೇಳು, ನಾವೂ ಕೇಳನ!" ಎಂದಿತು ಗುಂಪಿನಿಂದೊಂದು ದನಿ. ಜನ ಕಿಸಕ್ಕೆಂದರು.

"ಸತ್ರೂ ಸಾಯ್ತೀನಿ, ಆ ಬೆರಳಿಗೆ ಮಾತ್ರ ಬರಲ್ಲ. ಗಂಡ್ಸು ಕಣೇ ನಾನು!" ಪಾಲಾಕ್ಷಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. ಅಷ್ಟರಲ್ಲಿ ಆ ಗಂಡಸಿಗೆ ಒಂದಕ್ಕೆ ಒತ್ತರಿಸಿತು. ಬೆಟ್ಟದಂಥ ಮೈ ಇಳಿಯುವಂತಿಲ್ಲ, ಏಳುವಂತಿಲ್ಲ. ಸರಪಳಿ ಹಿಡಿದು, ತೊಡೆ ಒತ್ತಿಕೊಂಡು, ಊರೆದುರು ಬೆವರತೊಡಗಿತು.

"ಇಡೇ ನೀಲಾ... ನಿನ್ ಕಾಲಿಗ್ ಬೀಳ್ತೀನಿ."

ಹೆಂಡತಿಯ ಕಾಲಿಗೆ ಬೀಳುತ್ತೇನೆಂಬ ಮಾತು ಬಂತು, ಹಾಸನಕ್ಕೆ ಬರುತ್ತೇನೆಂಬ ಮಾತು ಬರಲಿಲ್ಲ. ನೀಲಾಂಬಿಕೆ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ದೇವರಿಗೆಂದು ಕೊಟ್ಟ ಆ ಬೆಲ್ಲದ ಮೂಲೆಯನ್ನು ಕಟುಂ ಎಂದು ಕಚ್ಚಿ, ನಿಧಾನವಾಗಿ ಅಗಿಯುತ್ತಾ ನಿಂತಳು.

ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?