ಸೆರಗಿನೊಳಗಿನ ಕೈ

ರಾತ್ರಿ ವೀಳ್ಯದೆಲೆಯನ್ನು ಬಲಗೈಯಲ್ಲಿ ಇಸಿದುಕೊಂಡ ಉಚ್ಚಂಗೆಮ್ಮ ಅದನ್ನು ಹಾಗೇ ಹಿಡಿದು ಕೂತಳು. ಸುಣ್ಣ ಹಚ್ಚಬೇಕೆಂದರೆ ಎಡಗೈ ಹೊರಗೆ ಬರಬೇಕು. ಎಡಗೈ ಸೆರಗಿನೊಳಗಿತ್ತು, ಅದರ ತೋರುಬೆರಳಿಗೆ ಮತಗಟ್ಟೆಯ ಶಾಯಿ ಅಂಟಿತ್ತು.

ಪಕ್ಕದ ಮನೆಯ ತಿಪ್ಪಕ್ಕ ಸುಣ್ಣದ ಡಬ್ಬಿ ಚಾಚಿಯೇ ಇದ್ದಳು. ಇಬ್ಬರ ಪಾರ್ಟಿ ಬೇರೆ ಬೇರೆ ಎನ್ನುವುದು ಜಗಳೂರಿನ ಆ ಓಣಿಗೆಲ್ಲ ಗೊತ್ತು. "ತಿಪ್ಪಕ್ಕ, ನಿನ್ನ ಓಟಿಗೆ ನನ್ನ ಓಟು ವಜಾ ಆಗ್ತೈತೆ. ಇಬ್ರೂ ಯಾಕೆ ಬಿಸಿಲಾಗೆ ಸಾಯಾದು? ಮನೇಲೇ ಇರಾಣ" ಎಂದು ನಿನ್ನೆ ಮಾತು ತೆಗೆದವಳು ಉಚ್ಚಂಗೆಮ್ಮನೇ. ಇವತ್ತು ಮಧ್ಯಾಹ್ನ ರಾಗಿ ಚೀಲ ಹಿಡಿದು ಗಿರಣಿಗೆಂದು ಹೊರಟವಳು ಓಟು ಹಾಕಿಯೇ ಬಂದಿದ್ದಳು.

"ಯಾಕಮ್ಮ, ಕೈಗೇನಾತು?" ತಿಪ್ಪಕ್ಕ ಗಾಬರಿಯಿಂದ ಸೆರಗು ಸರಿಸಿದಳು. ಬೆರಳಿನ ಕಪ್ಪು ಗೆರೆಯನ್ನು ಒಂದು ಗಳಿಗೆ ನೋಡಿದಳು.

"ಹಾಕಿ ಬಂದ್ಯಾ? ಆಗ್ಲಿ ಬಿಡು" ಎಂದಳು. "ಸಂಜೆ ನಿಮ್ಮ ಪಾರ್ಟಿಯೋರೇ ಬಾಗಿಲಿಗೆ ಆಟೋ ತಂದಿದ್ರು. ನಮ್ಮೋರು ಗೆದ್ದ ಮೇಲೆ ಈ ಕಡೆ ತಲೆನೂ ಹಾಕ್ಲಿಲ್ಲ, ಈ ಸಲ ನಿಮ್ಮೋರಿಗೇ ಹಾಕಾಣ ಅಂತ ಮನಸ್ಸಿತ್ತು. ಆದ್ರೆ ಹೋಗಲ್ಲ ಅಂತ ನಿನಗೆ ಮಾತು ಕೊಟ್ಟಿದ್ನಲ್ಲ, ಆಟೋ ವಾಪಸ್ ಕಳಿಸ್ದೆ."

ಆಮೇಲೆ ಆ ಎಲೆಯನ್ನು ತಾನೇ ತೆಗೆದುಕೊಂಡು, ಉಚ್ಚಂಗೆಮ್ಮನಿಗೆ ಹಿಡಿಸುವಷ್ಟೇ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಕೊಟ್ಟಳು. ಬಾಯಿಗೆ ಹಾಕಿಕೊಂಡ ಉಚ್ಚಂಗೆಮ್ಮನಿಗೆ ಅದನ್ನು ಅಗಿಯಲಾಗಲಿಲ್ಲ.